ಪಟ್ಟಿ ಬರೆದವರು, ಪಟ್ಟಿಗೆ ಸೇರಿದವರು

ಅಮೆರಿಕದ ಕೆಂಟಕಿ ರಾಜ್ಯದ ಬೆರಿಯಾ ಎಂಬ ಸಣ್ಣ ಊರಿನಲ್ಲಿ ಗಾಟ್ ಎಂಬಾತ ಕಾಲೇಜಿನ ಎದುರಿಗೇ ಒಂದು ಹೋಟೆಲು ಇಟ್ಟುಕೊಂಡಿದ್ದ. ಗಿರಾಕಿಗಳು ಹೆಚ್ಚಾಗಿ ವಿದ್ಯಾರ್ಥಿಗಳೇ. ಹೀಗಿರುವಾಗ ಕಾಲೇಜು ಒಂದು ನಿಯಮ ಹೊರಡಿಸಿತು: ತನ್ನ ಹಿಡಿತದಲ್ಲಿಲ್ಲದ ಯಾವ ಹೋಟೆಲಿಗೂ ವಿದ್ಯಾರ್ಥಿಗಳು ಕಾಲಿಡಕೂಡದು, ಇಟ್ಟವರು ಕಾಲೇಜಿನಿಂದ ಹೊರಗೆ. ವ್ಯಾಪಾರ ಬಿದ್ದುಹೋದ ಗಾಟ್ ಕೋರ್ಟಿನ ಮೆಟ್ಟಿಲು ಹತ್ತಿದ. 1913ರಲ್ಲಿ ಕೆಂಟಕಿಯ ಮೇಲ್ಮನವಿ ನ್ಯಾಯಾಲಯ ಕಾಲೇಜಿನ ಕಡೆಗೇ ತೀರ್ಪು ಕೊಟ್ಟಿತು. ವಿದ್ಯಾರ್ಥಿಗಳ ಮಟ್ಟಿಗೆ ಕಾಲೇಜು ಹೆತ್ತವರ ಸ್ಥಾನದಲ್ಲಿ ನಿಲ್ಲುತ್ತದೆ, ಅವರ ಒಳಿತಿಗೆಂದು ಹೆತ್ತವರು ಹಾಕಬಹುದಾದ ಯಾವ ಕಟ್ಟುಪಾಡನ್ನೂ ಅದು ಹಾಕಬಹುದು ಎಂಬುದು ಆ ತೀರ್ಪಿನ ಸಾರ.

ಮುಂದಿನ ಅರ್ಧ ಶತಮಾನ ಅಮೆರಿಕದ ಕಾಲೇಜುಗಳು ಈ ಅಧಿಕಾರವನ್ನು ಧಾರಾಳವಾಗಿ ಚಲಾಯಿಸಿದವು. ಯಾವಾಗ ಮಲಗಬೇಕು, ಯಾರ ಜೊತೆ ಓಡಾಡಬೇಕು, ಯಾವ ಉಡುಪು ತೊಡಬೇಕು, ಎಲ್ಲದರಲ್ಲೂ ಅವುಗಳ ಮಾತು ನಡೆಯುತ್ತಿತ್ತು. ಆಟಗಾರ ವಿದ್ಯಾರ್ಥಿಗಳು ಮೊಬೈಲಿನಲ್ಲಿ ತಮ್ಮತಮ್ಮಲ್ಲೇ ಹಂಚಿಕೊಂಡ ಹೊಲಸು ಮಾತುಗಳಿಗೆ ವಿಶ್ವವಿದ್ಯಾಲಯ ಏನು ಮಾಡಬೇಕು ಎಂಬ ಇಂದಿನ ಜಗಳದ ಬೇರು ಇರುವುದು ಇಲ್ಲೇ. ವಿದ್ಯಾರ್ಥಿಯ ಖಾಸಗಿ ಬದುಕಿನೊಳಗೆ ಕಾಲೇಜು ಎಷ್ಟು ದೂರ ಕೈಚಾಚಬಹುದು ಎಂಬ ಪ್ರಶ್ನೆ ಸ್ಮಾರ್ಟ್‌ಫೋನಿಗಿಂತ ನೂರು ವರ್ಷ ಹಳೆಯದು. ಚಾಚಿದ ಕೈ ಎಂಥ ಅನಾಹುತ ಮಾಡಬಲ್ಲದು ಎಂಬುದೂ ಹೊಸ ಸುದ್ದಿಯಲ್ಲ.

1920ರ ಮೇ ತಿಂಗಳಲ್ಲಿ ಹಾರ್ವರ್ಡ್‌ನ ಒಬ್ಬ ವಿದ್ಯಾರ್ಥಿ ಆತ್ಮಹತ್ಯೆ ಮಾಡಿಕೊಂಡ. ಅವನ ಹೆಸರಿಗೆ ಗೆಳೆಯರು ಬರೆದಿದ್ದ ಕಾಗದಗಳು ಅಣ್ಣನ ಕೈಗೆ ಸಿಕ್ಕಿದವು. ಒಡೆದು ಓದಿದಾಗ, ಹಾರ್ವರ್ಡ್‌ನಲ್ಲಿ ಸಲಿಂಗ ಪ್ರೇಮಿಗಳ ಒಂದು ಸಣ್ಣ ಗೆಳೆಯರ ಬಳಗವಿದೆ ಎಂಬುದು ತಿಳಿಯಿತು. ಅಣ್ಣ ನೇರವಾಗಿ ಹಂಗಾಮಿ ಡೀನ್ ಚೆಸ್ಟರ್ ಗ್ರೀನೋ ಅವರ ಬಳಿ ಹೋದ. ಅಧ್ಯಕ್ಷ ಲಾರೆನ್ಸ್ ಲೊವೆಲ್ ಒಪ್ಪಿಗೆಯ ಮೇಲೆ ಐವರ ಗುಪ್ತ ವಿಚಾರಣಾ ಮಂಡಳಿ ಕೂತಿತು. ಒಬ್ಬೊಬ್ಬರನ್ನೇ ಕರೆಸಿ, ಮುಚ್ಚಿದ ಬಾಗಿಲ ಹಿಂದೆ ಅವರ ಓದು, ಗೆಳೆತನ, ಮೈಮನಸ್ಸುಗಳನ್ನೆಲ್ಲ ಕೆದಕಿದರು. ಎಂಟು ವಿದ್ಯಾರ್ಥಿಗಳನ್ನು ಹೊರಗೆ ಹಾಕಿದರು. ಅವರಲ್ಲೊಬ್ಬ, ದಂತವೈದ್ಯ ವಿದ್ಯಾರ್ಥಿ, ಜೀವವನ್ನೇ ಕಳೆದುಕೊಂಡ. ಉಳಿದವರ ವಿಷಯದಲ್ಲಿ ಯಾರಾದರೂ ವಿಚಾರಿಸಿದರೆ ಎಚ್ಚರಿಕೆಯ ಉತ್ತರ ಹೋಗುವಂತೆ ಅವರ ಕಡತಗಳಲ್ಲಿ ಗುರುತು ಬಿತ್ತು.

ಇದೆಲ್ಲ ಹೊರಬಿದ್ದದ್ದು 82 ವರ್ಷಗಳ ಮೇಲೆ. ವಿಶ್ವವಿದ್ಯಾಲಯದ ದಾಖಲೆಗಳ ನಡುವೆ ‘ಗುಪ್ತ ನ್ಯಾಯಾಲಯ’ ಎಂಬ ಹೆಸರಿನ ಪೆಟ್ಟಿಗೆಯ ಉಲ್ಲೇಖ ಕಂಡ ವಿದ್ಯಾರ್ಥಿ ಪತ್ರಕರ್ತನೊಬ್ಬ ಬೆನ್ನುಹತ್ತಿ, 2002ರಲ್ಲಿ ‘ದಿ ಹಾರ್ವರ್ಡ್ ಕ್ರಿಮ್ಸನ್’ ಪತ್ರಿಕೆಯಲ್ಲಿ ಬರೆದ. ಆಗಿನ ಅಧ್ಯಕ್ಷ ಲಾರೆನ್ಸ್ ಸಮರ್ಸ್ ವಿಷಾದ ವ್ಯಕ್ತಪಡಿಸಿದರು. ಈ ಪ್ರಕರಣವನ್ನು ಮರೆಯಬಾರದು. ಆ ಕಾಗದಗಳು ಯಾರನ್ನೂ ಹೀಯಾಳಿಸಿರಲಿಲ್ಲ, ಯಾರ ಮಾನಕ್ಕೂ ಕೈಹಾಕಿರಲಿಲ್ಲ. ಬರೆದವರು ಎಂಥವರು ಎಂಬುದಷ್ಟೇ ಅಲ್ಲಿ ಅಪರಾಧವಾಯಿತು. ಖಾಸಗಿ ಬರಹ ಕೈಗೆ ಸಿಕ್ಕಾಗ ವಿಶ್ವವಿದ್ಯಾಲಯ ಮೊದಲು ಕೇಳಬೇಕಾದದ್ದು, ಇದರಿಂದ ಪೆಟ್ಟು ತಿಂದವರು ಯಾರು ಎಂಬುದನ್ನು. ಹಾರ್ವರ್ಡ್ ಆಗ ಅದನ್ನು ಕೇಳಿಕೊಂಡಿದ್ದರೆ ಉತ್ತರ ಸೊನ್ನೆಯಾಗುತ್ತಿತ್ತು.

ಹೆತ್ತವರ ಸ್ಥಾನದ ಈ ಅಧಿಕಾರಕ್ಕೆ ಬಲವಾದ ಏಟು ಬಿದ್ದದ್ದು 1961ರಲ್ಲಿ. ಹಿಂದಿನ ವರ್ಷ ಅಲಬಾಮಾದ ಮಾಂಟ್‌ಗಮರಿಯಲ್ಲಿ ಕಪ್ಪು ವಿದ್ಯಾರ್ಥಿಗಳು ನ್ಯಾಯಾಲಯ ಕಟ್ಟಡದ ಬಿಳಿಯರ ಉಪಾಹಾರ ಗೃಹಕ್ಕೆ ಹೋಗಿ ಊಟ ಕೇಳಿದ್ದರು. ಸರ್ಕಾರಿ ಕಾಲೇಜು ಅವರಲ್ಲಿ ಒಂಬತ್ತು ಮಂದಿಯನ್ನು ವಿಚಾರಣೆಯಿಲ್ಲದೆ ಹೊರಹಾಕಿತು. ‘ಡಿಕ್ಸನ್ ವಿರುದ್ಧ ಅಲಬಾಮಾ’ ಎಂದು ಹೆಸರಾದ ಆ ಪ್ರಕರಣದಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ, ಸರ್ಕಾರಿ ಕಾಲೇಜು ಯಾರನ್ನಾದರೂ ಹೊರಹಾಕುವ ಮೊದಲು ಆರೋಪವೇನೆಂದು ತಿಳಿಸಬೇಕು, ಅವರ ಮಾತನ್ನು ಕೇಳಬೇಕು ಎಂದಿತು. 1973ರಲ್ಲಿ ಸುಪ್ರೀಂ ಕೋರ್ಟು, ಅಸಭ್ಯ ವ್ಯಂಗ್ಯಚಿತ್ರವಿದ್ದ ಪತ್ರಿಕೆ ಹಂಚಿದ್ದಕ್ಕೆ ಮಿಸೌರಿ ವಿಶ್ವವಿದ್ಯಾಲಯ ಹೊರಗಟ್ಟಿದ್ದ ವಿದ್ಯಾರ್ಥಿನಿಯನ್ನು ಮರಳಿ ಸೇರಿಸಿಕೊಳ್ಳಿ ಎಂದು ಆದೇಶಿಸಿತು. ಮಾತು ರುಚಿಗೆಟ್ಟದ್ದು ಎಂಬ ಒಂದೇ ಕಾರಣಕ್ಕೆ ಸರ್ಕಾರಿ ವಿಶ್ವವಿದ್ಯಾಲಯ ಶಿಕ್ಷಿಸುವಂತಿಲ್ಲ ಎಂಬುದು ಅಲ್ಲಿಗೆ ಗಟ್ಟಿಯಾಯಿತು. ಹಾರ್ವರ್ಡ್, ಪ್ರಿನ್ಸ್‌ಟನ್, ಡ್ಯೂಕ್‌ಗಳಂಥ ಖಾಸಗಿ ಸಂಸ್ಥೆಗಳಿಗೆ ಸಂವಿಧಾನದ ಈ ಕಟ್ಟು ನೇರವಾಗಿ ಅನ್ವಯಿಸುವುದಿಲ್ಲ. ಮುಂದೆ ಬರುವ ಕಥೆಗಳಲ್ಲಿ ಖಾಸಗಿ ಸಂಸ್ಥೆಗಳೇ ತುಂಬಿರುವುದಕ್ಕೆ ಇದೂ ಒಂದು ಕಾರಣವಿರಬೇಕು. ಅವುಗಳ ಕೈ ಹೆಚ್ಚು ಸಡಿಲ.

ಇದೇ ಕಾಲಕ್ಕೆ ಮೈದಾನವೂ ಬದಲಾಗುತ್ತಿತ್ತು. 1972ರ ಟೈಟಲ್ ನೈನ್ ಕಾಯ್ದೆ, ಸರ್ಕಾರದ ಹಣ ಪಡೆಯುವ ಯಾವ ಶಿಕ್ಷಣ ಸಂಸ್ಥೆಯೂ ಹೆಣ್ಣು ಗಂಡೆಂಬ ಭೇದ ಮಾಡಕೂಡದು ಎಂದಿತು. ಅದಕ್ಕೆ ಮೊದಲು ಅಮೆರಿಕದ ಕಾಲೇಜು ತಂಡಗಳಲ್ಲಿ ಆಡುತ್ತಿದ್ದ ಹೆಣ್ಣುಮಕ್ಕಳು ಸುಮಾರು 30,000. 2016ರ ಹೊತ್ತಿಗೆ ಆ ಸಂಖ್ಯೆ 2 ಲಕ್ಷ ದಾಟಿತ್ತು. ಅದೇ ಹುಲ್ಲು, ಅದೇ ಜಿಮ್, ಅದೇ ವೈದ್ಯರು, ಅದೇ ಬಸ್ಸು. ಗಂಡು ತಂಡದ ಪಕ್ಕದಲ್ಲೇ ಹೆಣ್ಣು ತಂಡ ಬೆವರು ಸುರಿಸತೊಡಗಿತು. ಲಾಕರ್ ರೂಮಿನಲ್ಲಿ ಆಡಿದ ಮಾತು ಯಾರದೋ ದೂರದವರ ಕುರಿತದ್ದು ಎನ್ನುವ ಹಾಗೆ ಉಳಿಯಲಿಲ್ಲ. ಗೋಡೆಯಾಚೆ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ ಸಹಪಾಠಿಯ ಕುರಿತದ್ದು ಅದು.

ಆ ಮಾತು ಬರಹಕ್ಕಿಳಿದದ್ದು ಗಣಕಯಂತ್ರದ ಕಾಲದಲ್ಲಿ. 2003ರ ಅಕ್ಟೋಬರಿನಲ್ಲಿ ಹಾರ್ವರ್ಡ್‌ನ ಎರಡನೇ ವರ್ಷದ ವಿದ್ಯಾರ್ಥಿ ಮಾರ್ಕ್ ಜುಕರ್‌ಬರ್ಗ್ ಹಾಸ್ಟೆಲುಗಳ ಜಾಲದಿಂದ ವಿದ್ಯಾರ್ಥಿಗಳ ಭಾವಚಿತ್ರಗಳನ್ನು ತೆಗೆದುಕೊಂಡು ‘ಫೇಸ್‌ಮ್ಯಾಶ್’ ಎಂಬ ತಾಣ ಕಟ್ಟಿದ. ಇಬ್ಬರ ಮುಖ ಪಕ್ಕಪಕ್ಕ ಬರುತ್ತಿತ್ತು, ಯಾರು ಹೆಚ್ಚು ಚೆಂದ ಎಂದು ನೋಡುಗರು ಒತ್ತಬೇಕಿತ್ತು. ಕೆಲವೇ ಗಂಟೆಗಳಲ್ಲಿ ಸುಮಾರು 450 ಮಂದಿ 22,000 ಸಲ ಒತ್ತಿದರು. ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. ಶಿಸ್ತು ಮಂಡಳಿ ಅವನ ಮೇಲೆ ಹೊರಿಸಿದ್ದು ಜಾಲದ ಭದ್ರತೆ, ಹಕ್ಕುಸ್ವಾಮ್ಯ ಮತ್ತು ಖಾಸಗಿತನದ ಉಲ್ಲಂಘನೆಯ ಆರೋಪಗಳನ್ನು. ಕಾಲೇಜಿನಲ್ಲಿ ಉಳಿಯಲು ಬಿಟ್ಟರು. ಸಹಪಾಠಿಗಳ ಮುಖಕ್ಕೆ ಅಂಕ ಹಾಕುವುದು ಅವರಿಗೆ ಮಾಡಿದ ಅನ್ಯಾಯ ಎಂಬ ಆರೋಪವನ್ನು ಬರೆಯಲು ಆ ಮಂಡಳಿಯ ಬಳಿ ಆಗ ಪದಗಳೇ ಇದ್ದಂತಿಲ್ಲ.

ಖಾಸಗಿ ಇಮೇಲೊಂದು ಇಡೀ ತಂಡವನ್ನೇ ಮುಳುಗಿಸಿದ ಮೊದಲ ದೊಡ್ಡ ಪ್ರಕರಣ ಡ್ಯೂಕ್ ವಿಶ್ವವಿದ್ಯಾಲಯದ ಲಕ್ರಾಸ್ ತಂಡದ್ದು. 2006ರ ಮಾರ್ಚಿನಲ್ಲಿ ಆ ತಂಡದ ಪಾರ್ಟಿಗೆ ನೃತ್ಯಕ್ಕೆಂದು ಬಂದಿದ್ದ ಮಹಿಳೆಯೊಬ್ಬಳು ಆಟಗಾರರ ಮೇಲೆ ಅತ್ಯಾಚಾರದ ದೂರು ಕೊಟ್ಟಳು. ಪಾರ್ಟಿ ಮುಗಿದ ಕೆಲವೇ ಗಂಟೆಗಳಲ್ಲಿ ಒಬ್ಬ ಆಟಗಾರ ತಂಡದವರಿಗೆ ಕಳಿಸಿದ್ದ ಇಮೇಲು ಪೊಲೀಸರ ಶೋಧನಾ ವಾರಂಟಿನ ಜೊತೆ ಬಹಿರಂಗವಾಯಿತು. ಕುಖ್ಯಾತ ಕಾದಂಬರಿಯೊಂದರ ಧಾಟಿಯಲ್ಲಿ ನರ್ತಕಿಯರನ್ನು ಕೊಲ್ಲುವ ವಿಕಾರ ಮಾತು ಅದರಲ್ಲಿತ್ತು. ಏಪ್ರಿಲ್ 5ರಂದು ಅದು ಸುದ್ದಿಯಾಯಿತು. ಅದೇ ದಿನ ತರಬೇತುದಾರ ಮೈಕ್ ಪ್ರೆಸ್ಲರ್ ರಾಜೀನಾಮೆ ಕೊಟ್ಟರು, ಅಧ್ಯಕ್ಷ ರಿಚರ್ಡ್ ಬ್ರಾಡ್‌ಹೆಡ್ ಆ ಋತುವಿನ ಉಳಿದ ಪಂದ್ಯಗಳನ್ನೆಲ್ಲ ರದ್ದು ಮಾಡಿದರು, ಬರೆದವನನ್ನು ಅಮಾನತಿನಲ್ಲಿಟ್ಟರು. ಒಂದು ವರ್ಷದ ಮೇಲೆ, 2007ರ ಏಪ್ರಿಲ್‌ನಲ್ಲಿ, ರಾಜ್ಯದ ಅಟಾರ್ನಿ ಜನರಲ್ ರಾಯ್ ಕೂಪರ್ ಎಲ್ಲ ಆರೋಪಗಳನ್ನು ಕೈಬಿಟ್ಟು, ಆರೋಪಕ್ಕೊಳಗಾಗಿದ್ದ ಮೂವರೂ ನಿರಪರಾಧಿಗಳು ಎಂದು ಸಾರಿದರು. ಮೊಕದ್ದಮೆ ಹೂಡಿದ್ದ ಜಿಲ್ಲಾ ಅಟಾರ್ನಿ ಮೈಕ್ ನೈಫಾಂಗ್ ವಕೀಲಿಕೆಯ ಸನ್ನದು ಕಳೆದುಕೊಂಡರು.

ಇಮೇಲು ಅಸಹ್ಯವಾಗಿತ್ತು, ಅಪರಾಧ ನಡೆದಿರಲಿಲ್ಲ. ಎರಡೂ ನಿಜ. ಆದರೆ ಆ ಏಪ್ರಿಲಿನ ಬಿಸಿಯಲ್ಲಿ ಜನ ಮೊದಲನೆಯದನ್ನು ಎರಡನೆಯದರ ಸಾಕ್ಷ್ಯವೆಂದು ಓದಿದರು. ಹೊಲಸು ಮಾತಾಡುವವನು ಹೊಲಸು ಕೆಲಸವನ್ನೂ ಮಾಡಿಯೇ ಇರುತ್ತಾನೆ ಎಂಬ ತರ್ಕದ ಮೇಲೆ ಶಿಸ್ತುಕ್ರಮ ಕಟ್ಟಕೂಡದು ಎಂಬುದನ್ನು ಡ್ಯೂಕ್ ಬಹಳ ದುಬಾರಿ ಬೆಲೆ ತೆತ್ತು ಕಲಿತಿತು.

ಹತ್ತು ವರ್ಷ ಕಳೆಯಿತು. 2016ರ ಅಕ್ಟೋಬರಿನ ಕೊನೆಯ ವಾರ ‘ಕ್ರಿಮ್ಸನ್’ ಒಂದು ವರದಿ ಪ್ರಕಟಿಸಿತು. ನಾಲ್ಕು ವರ್ಷ ಹಿಂದೆ, 2012ರ ಜುಲೈನಲ್ಲಿ, ಹಾರ್ವರ್ಡ್‌ನ ಪುರುಷರ ಫುಟ್‌ಬಾಲ್ ತಂಡದ ಇಮೇಲ್ ಗುಂಪಿನಲ್ಲಿ ಒಂಬತ್ತು ಪುಟಗಳ ಒಂದು ದಸ್ತಾವೇಜು ಹರಿದಾಡಿತ್ತು. ಅದನ್ನು ಅವರು ಕರೆಯುತ್ತಿದ್ದದ್ದು ‘ಸ್ಕೌಟಿಂಗ್ ರಿಪೋರ್ಟ್’ ಎಂದು. ಎದುರಾಳಿ ತಂಡದ ಬಲಾಬಲ ಅಳೆಯಲು ತರಬೇತುದಾರರು ಬರೆಸುವ ವರದಿಗೆ ಇರುವ ಹೆಸರದು. ಇಲ್ಲಿ ಅಳೆದದ್ದು, ಆ ವರ್ಷ ಮಹಿಳಾ ತಂಡಕ್ಕೆ ಹೊಸದಾಗಿ ಸೇರಲಿದ್ದ ಆರು ಹುಡುಗಿಯರ ದೇಹಗಳನ್ನು. ಒಬ್ಬೊಬ್ಬಳಿಗೂ ಅಂಕ, ಒಂದೊಂದು ಪ್ಯಾರಾ ವಿಮರ್ಶೆ, ಒಂದು ಅಡ್ಡಹೆಸರು, ಊಹಿಸಿ ಬರೆದ ಲೈಂಗಿಕ ಭಂಗಿ. ಆ ಹುಡುಗಿಯರು ಇನ್ನೂ ಕ್ಯಾಂಪಸ್ಸಿಗೆ ಕಾಲಿಟ್ಟೇ ಇರಲಿಲ್ಲ. ‘ಖಾಸಗಿ’ ಎನಿಸಿಕೊಂಡ ಈ ಬರಹ ಗೂಗಲ್ ಗುಂಪೊಂದರಲ್ಲಿ ಯಾರು ಬೇಕಾದರೂ ಓದಬಹುದಾದ ಹಾಗೆ ವರ್ಷಗಟ್ಟಲೆ ಬಿದ್ದುಕೊಂಡಿತ್ತು.

ಕಾಲವೂ ಅಂಥದ್ದೇ. ಅದೇ ಅಕ್ಟೋಬರಿನಲ್ಲಿ ಅಧ್ಯಕ್ಷ ಚುನಾವಣೆಯ ಅಭ್ಯರ್ಥಿ ಡೊನಾಲ್ಡ್ ಟ್ರಂಪ್ ಹಿಂದೊಮ್ಮೆ ಹೆಂಗಸರ ಬಗ್ಗೆ ಆಡಿದ್ದ ಮಾತಿನ ಧ್ವನಿಮುದ್ರಣ ಹೊರಬಂದಿತ್ತು, ಅದು ಬರೀ ಲಾಕರ್ ರೂಮ್ ಮಾತು ಎಂದು ಅವರು ಸಮಜಾಯಿಷಿ ಕೊಟ್ಟಿದ್ದರು. ಪಟ್ಟಿಗೆ ಸೇರಿದ್ದ ಆರು ಮಂದಿಯೂ ಆ ಹೊತ್ತಿಗೆ ಪದವಿ ಮುಗಿಸಿದ ಮಹಿಳೆಯರು. ವರದಿ ಬಂದು ಕೆಲವೇ ದಿನಗಳಲ್ಲಿ ಅವರು ತಮ್ಮ ಹೆಸರು ಹಾಕಿಯೇ ‘ಕ್ರಿಮ್ಸನ್’ನಲ್ಲಿ ಒಂದು ಲೇಖನ ಬರೆದರು. ಲಾಕರ್ ರೂಮ್ ಮಾತು ಎಂಬುದು ನೆಪವಾಗಲಾರದು, ಇದು ಕ್ರೀಡಾ ತಂಡಗಳಿಗಷ್ಟೇ ಸೀಮಿತವಲ್ಲ, ಇಡೀ ಜಗತ್ತೇ ಲಾಕರ್ ರೂಮು ಎಂದರು. ತಮ್ಮನ್ನು ಒಬ್ಬರ ಎದುರು ಒಬ್ಬರನ್ನಿಟ್ಟು ತೂಗಿದವರಿಗೆ ಒಟ್ಟಾಗಿ ನಿಂತು ಉತ್ತರ ಕೊಟ್ಟರು, ಕ್ಷಮೆಯನ್ನೂ ಕೊಟ್ಟರು. ಈ ಇಡೀ ಇತಿಹಾಸದಲ್ಲಿ ಇಷ್ಟು ಘನತೆಯ ಬರಹ ಇನ್ನೊಂದಿಲ್ಲ. ವಿಶ್ವವಿದ್ಯಾಲಯದ ಯಾವ ಪ್ರಕಟಣೆಯೂ ಅದರ ಹತ್ತಿರ ಸುಳಿಯುವುದಿಲ್ಲ.

ಆಡಳಿತ ತನಿಖೆಗಿಳಿಯಿತು. ನವೆಂಬರ್ 3ರಂದು ಕ್ರೀಡಾ ನಿರ್ದೇಶಕ ರಾಬರ್ಟ್ ಸ್ಕಲೀಸ್ ಪುರುಷರ ತಂಡದ ಋತುವನ್ನು ಅಲ್ಲಿಗೇ ನಿಲ್ಲಿಸಿದರು. ಆಗ ತಂಡ ಐವಿ ಲೀಗಿನ ಮೊದಲ ಸ್ಥಾನದಲ್ಲಿತ್ತು: ಹತ್ತು ಗೆಲುವು, ಮೂರು ಸೋಲು, ಎರಡು ಸಮ. ಇನ್ನೆರಡು ಪಂದ್ಯ ಬಾಕಿ. ಪ್ರಶಸ್ತಿಯ ಆಸೆಯೂ ರಾಷ್ಟ್ರೀಯ ಪಂದ್ಯಾವಳಿಯ ಅವಕಾಶವೂ ಹೋದವು. ನಿರ್ದೇಶಕರು ಕೊಟ್ಟ ಕಾರಣ ಎರಡು. ಈ ಚಾಳಿ 2012ಕ್ಕೇ ನಿಲ್ಲದೆ 2016ರವರೆಗೂ ನಡೆದುಬಂದಿತ್ತು. ಕೇಳಿದಾಗ ಆಟಗಾರರು ಮೊದಲಿಗೆ ನಿಜ ಹೇಳಲಿಲ್ಲ.

ಆ ವರ್ಷ ತಾನೇ ಸೇರಿದ ಹುಡುಗನೂ ಹಿರಿಯರ ಪಾಪಕ್ಕೆ ದಂಡ ತೆರಬೇಕೆ ಎಂದು ಆಗ ಹಲವರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ಅದರ ಪಕ್ಕದಲ್ಲೇ ಹಾರ್ವರ್ಡ್‌ನ ಇನ್ನೊಂದು ಪ್ರಕರಣವನ್ನಿಟ್ಟು ನೋಡಬೇಕು. ಪುರುಷರ ಕ್ರಾಸ್ ಕಂಟ್ರಿ ಓಟದ ತಂಡದಲ್ಲೂ ಮಹಿಳಾ ಓಟಗಾರ್ತಿಯರ ಬಗ್ಗೆ ಇಂಥದೇ ಕೋಷ್ಟಕಗಳು ಹಿಂದಿನ ವರ್ಷಗಳಲ್ಲಿ ತಯಾರಾಗಿದ್ದವು. ಆ ವಿಷಯವನ್ನು ತಂಡದವರೇ ಮುಂದಾಗಿ ತಿಳಿಸಿದರು. ಅವರಿಗೆ ಸಿಕ್ಕಿದ್ದು ಪ್ರೊಬೇಷನ್, ಓಟ ನಿಲ್ಲಲಿಲ್ಲ. ಎರಡು ತೀರ್ಮಾನಗಳನ್ನು ಜೋಡಿಸಿ ಓದಿದರೆ ಹಾರ್ವರ್ಡ್ ತೂಗಿದ್ದು ಬರಹದ ಹೊಲಸನ್ನಷ್ಟೇ ಅಲ್ಲ ಎಂಬುದು ಕಾಣುತ್ತದೆ: ಮುಚ್ಚಿಟ್ಟವರಿಗೆ ಒಂದು ಅಳತೆ, ಬಿಚ್ಚಿಟ್ಟವರಿಗೆ ಇನ್ನೊಂದು. ಇಡೀ ತಂಡವೇ ಬಾಯಿಕಟ್ಟಿ ನಿಂತಾಗ ಇಡೀ ತಂಡಕ್ಕೇ ಶಿಕ್ಷೆ ಎನ್ನುವುದಕ್ಕೆ ಅರ್ಥವಿದೆ. ಯಾರು ಬರೆದರು, ಯಾರು ನಕ್ಕರು, ಯಾರು ತೆರೆದೇ ನೋಡಲಿಲ್ಲ ಎಂದು ವಿಂಗಡಿಸುವ ಗೋಜಿಗೆ ಹೋಗದೆ ಕೊಟ್ಟ ಸಾಮೂಹಿಕ ಶಿಕ್ಷೆ ಮಾತ್ರ ಸೋಮಾರಿತನ.

ಆ ಚಳಿಗಾಲ ಇಂಥ ಪ್ರಕರಣಗಳು ಒಂದರ ಹಿಂದೆ ಒಂದು ಹೊರಬಿದ್ದವು. ನವೆಂಬರಿನಲ್ಲಿ ನ್ಯೂಯಾರ್ಕಿನ ಕೊಲಂಬಿಯಾದಲ್ಲಿ ವಿದ್ಯಾರ್ಥಿಗಳೇ ನಡೆಸುವ ಸುದ್ದಿತಾಣ ಕುಸ್ತಿ ತಂಡದವರು ಗ್ರೂಪ್‌ಮೀ ಎಂಬ ಚಾಟ್ ಆ್ಯಪ್‌ನಲ್ಲಿ ಬರೆದ ಸಂದೇಶಗಳನ್ನು ಬಯಲಿಗಿಟ್ಟಿತು. ಹೆಂಗಸರ ಮೇಲೆ, ಕಪ್ಪು ಜನರ ಮೇಲೆ, ಸಲಿಂಗಿಗಳ ಮೇಲೆ ಬೈಗುಳ. ದೇಶದ ಅತ್ಯಂತ ಹಳೆಯ ಕಾಲೇಜು ಕುಸ್ತಿ ತಂಡವೆಂಬ ಹೆಸರು ಅದಕ್ಕೆ. ವಿಶ್ವವಿದ್ಯಾಲಯ ಮೊದಲು ಎಲ್ಲರನ್ನೂ ಅಖಾಡದಿಂದ ಹೊರಗಿಟ್ಟು ತನಿಖೆ ಮಾಡಿತು, ನಂತರ ಸಂದೇಶ ಬರೆದವರನ್ನು ಹೊರಗೇ ಉಳಿಸಿ ಉಳಿದವರಿಗೆ ಆಡಲು ಬಿಟ್ಟಿತು. ತಂಡದ ಹಿರಿಮೆಗಿಂತ ವ್ಯಕ್ತಿಯ ಹೊಣೆಯನ್ನು ಮುಂದಿಟ್ಟ ಕ್ರಮ ಇದು, ಹಾರ್ವರ್ಡ್‌ಗಿಂತ ನ್ಯಾಯಕ್ಕೆ ಹತ್ತಿರ.

ಡಿಸೆಂಬರಿನಲ್ಲಿ ಆಮ್ಹರ್ಸ್ಟ್ ಕಾಲೇಜಿನ ವಿದ್ಯಾರ್ಥಿ ಪತ್ರಿಕೆ ‘ದಿ ಇಂಡಿಕೇಟರ್’ ಅಲ್ಲಿನ ಕ್ರಾಸ್ ಕಂಟ್ರಿ ತಂಡದ ಇಮೇಲುಗಳನ್ನು ಪ್ರಕಟಿಸಿತು. ಹೊಸದಾಗಿ ಸೇರುವ ಹುಡುಗರಿಗೆಂದೇ ಹಿರಿಯರು ಬರೆದ ಪರಿಚಯ ಪತ್ರಗಳವು, ಕಾಲೇಜಿನ ಹುಡುಗಿಯರ ಚಿತ್ರ ಮತ್ತು ಅವರ ಬಗ್ಗೆ ಆಡಿಕೊಳ್ಳುವ ಮಾತುಗಳೊಂದಿಗೆ. ಪ್ರಿನ್ಸ್‌ಟನ್‌ನಲ್ಲಿ ಅನಾಮಧೇಯ ದೂರೊಂದು ಬಂದು ಪುರುಷರ ಈಜು ತಂಡ ಅಮಾನತಾಯಿತು. ಅಲ್ಲಿ ಸ್ತ್ರೀನಿಂದನೆ, ಜನಾಂಗ ನಿಂದನೆ ನಡೆದದ್ದು ವಿಶ್ವವಿದ್ಯಾಲಯವೇ ಒದಗಿಸಿದ್ದ ಇಮೇಲ್ ಗುಂಪಿನಲ್ಲಿ. ಸೇಂಟ್ ಲೂಯಿಯ ವಾಷಿಂಗ್ಟನ್ ವಿಶ್ವವಿದ್ಯಾಲಯ ತನ್ನ ಪುರುಷರ ಫುಟ್‌ಬಾಲ್ ತಂಡವನ್ನು ಅಮಾನತು ಮಾಡಿತು. ಅವರು ಹೀನಾಯವಾಗಿ ಬರೆದಿದ್ದದ್ದು ಅದೇ ತಿಂಗಳು ಮೂರನೇ ವಿಭಾಗದ ರಾಷ್ಟ್ರೀಯ ಪ್ರಶಸ್ತಿ ಗೆದ್ದ ತಮ್ಮದೇ ಮಹಿಳಾ ತಂಡದವರ ಬಗ್ಗೆ.

ಹಾರ್ವರ್ಡ್‌ನ ಮತ್ತು ಆಮ್ಹರ್ಸ್ಟ್‌ನ ದಸ್ತಾವೇಜುಗಳಲ್ಲಿ ಕಾಣುವ ಒಂದು ಅಂಶ ತೀರ ಮುಖ್ಯವಾದದ್ದು. ಹಿರಿಯರು ಕಿರಿಯರಿಗೆ ದಾಟಿಸಿದ ಸಂಪ್ರದಾಯ ಅದು. ಹದಿನೆಂಟರ ಹುಡುಗ ತಂಡಕ್ಕೆ ಬರುತ್ತಾನೆ, ಪಟ್ಟಿ ಅವನ ಕೈಗೆ ಬರುತ್ತದೆ, ನಕ್ಕರೆ ಒಳಗಿನವನು, ಮುಖ ಸಿಂಡರಿಸಿದರೆ ಹೊರಗಿನವನು. ಆದ್ದರಿಂದ ಒಬ್ಬಿಬ್ಬರನ್ನು ಶಿಕ್ಷಿಸಿದ ಮಾತ್ರಕ್ಕೆ ಅದು ಕಡಿದುಹೋಗುವುದಿಲ್ಲ. ಮುಂದಿನ ವರ್ಷ ಬರುವವರಿಗೆ ಹಿರಿಯರು ಏನನ್ನು ಕೊಡುತ್ತಾರೆ ಎಂಬುದರ ಹೊಣೆಯನ್ನು ತರಬೇತುದಾರರು ಹೊರಬೇಕು. ತಂಡದ ಊಟ, ನಿದ್ದೆ, ತೂಕವನ್ನೆಲ್ಲ ಅಳೆದು ಬರೆದಿಡುವ ತರಬೇತುದಾರನಿಗೆ ತಂಡದ ಮಾತು ಮಾತ್ರ ಕೇಳಿಸಿರಲಿಲ್ಲ ಎಂದರೆ ನಂಬುವುದು ಕಷ್ಟ.

ಇಲ್ಲಿಂದ ಮುಂದೆ ಕಥೆ ಒಬ್ಬೊಬ್ಬರ ಫೋನಿನ ಕಡೆ ಹೊರಳುತ್ತದೆ. 2020ರ ಬೇಸಿಗೆ, ಜಾರ್ಜ್ ಫ್ಲಾಯ್ಡ್ ಹತ್ಯೆಯ ನಂತರದ ಪ್ರತಿಭಟನೆಗಳ ಹೊತ್ತಿನಲ್ಲಿ, ಟೆನ್ನೆಸ್ಸಿ ವಿಶ್ವವಿದ್ಯಾಲಯದ ಚಿಯರ್ ತಂಡಕ್ಕೆ ಆಯ್ಕೆಯಾಗಿದ್ದ ಹುಡುಗಿಯೊಬ್ಬಳ ಮೂರು ಸೆಕೆಂಡಿನ ಹಳೆಯ ವಿಡಿಯೋ ಹೊರಬಂತು. ಹದಿನೈದರ ವಯಸ್ಸಿನಲ್ಲಿ ಸ್ನೇಹಿತರೊಬ್ಬರಿಗೆ ಕಳಿಸಿದ್ದ ಆ ತುಣುಕಿನಲ್ಲಿ ಜನಾಂಗ ನಿಂದನೆಯ ಪದವೊಂದಿತ್ತು. ತಂಡದಿಂದ ತೆಗೆದರು, ಒತ್ತಡಕ್ಕೆ ಸಿಕ್ಕ ಅವಳು ವಿಶ್ವವಿದ್ಯಾಲಯಕ್ಕೇ ಸೇರದೆ ಹಿಂದೆ ಸರಿದಳು. ಆ ಪದ ಕಪ್ಪು ಸಹಪಾಠಿಗಳನ್ನು ದಿನವೂ ಇರಿಯುತ್ತಿತ್ತು ಎಂಬುದು ಸುಳ್ಳಲ್ಲ. ಆದರೂ ಇನ್ನೂ ಕಾಲೇಜಿಗೆ ಕಾಲಿಡದ ಮಗುವಿನ ಮೂರು ಸೆಕೆಂಡನ್ನು, ಕೂತು ಬರೆದ ಹಾರ್ವರ್ಡ್‌ನ ಒಂಬತ್ತು ಪುಟಗಳ ಪಟ್ಟಿಯ ಪಕ್ಕದಲ್ಲಿಟ್ಟು ಒಂದೇ ಬೆಲೆ ಕಟ್ಟುವುದು ಸರಿಯಲ್ಲ. ವಿಶ್ವವಿದ್ಯಾಲಯ ಅಂದು ಅಳೆದದ್ದು ತನ್ನ ಮೇಲೆ ಬಿದ್ದ ಒತ್ತಡವನ್ನು.

ಮರುವರ್ಷ, 2021ರ ಜೂನ್‌ನಲ್ಲಿ, ಅಮೆರಿಕದ ಸುಪ್ರೀಂ ಕೋರ್ಟು ಪೆನ್ಸಿಲ್ವೇನಿಯಾದ ಮಹನೊಯ್ ಶಾಲಾ ಜಿಲ್ಲೆಯ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಮುಖ್ಯ ಚಿಯರ್ ತಂಡಕ್ಕೆ ಆಯ್ಕೆಯಾಗದ ಸಿಟ್ಟಿಗೆ ಒಬ್ಬ ಹುಡುಗಿ ವಾರಾಂತ್ಯದಲ್ಲಿ ಅಂಗಡಿಯೊಂದರಿಂದ ಸ್ನ್ಯಾಪ್‌ಚಾಟಿನಲ್ಲಿ ಶಾಲೆಗೂ ತಂಡಕ್ಕೂ ಬೈದಿದ್ದಳು. ಅದಕ್ಕಾಗಿ ಅವಳನ್ನು ಒಂದು ವರ್ಷ ಕಿರಿಯರ ತಂಡದಿಂದಲೂ ತೆಗೆದಿದ್ದರು. ಎಂಟು ನ್ಯಾಯಮೂರ್ತಿಗಳು ಅವಳ ಪರ ನಿಂತರು, ಒಬ್ಬರು ವಿರೋಧಿಸಿದರು. ತೀರ್ಪು ಬರೆದ ಸ್ಟೀಫನ್ ಬ್ರೇಯರ್ ಒಂದು ಗೆರೆ ಎಳೆದರು: ನಿರ್ದಿಷ್ಟ ವ್ಯಕ್ತಿಗಳನ್ನು ಗುರಿ ಮಾಡಿದ ಗಂಭೀರ ಕಿರುಕುಳವಾದರೆ, ಮಾತು ಶಾಲೆಯ ಹೊರಗೆ ಆಡಿದ್ದಾದರೂ ಶಾಲೆ ಕೈಹಾಕಬಹುದು. ತೀರ್ಪು ಸರ್ಕಾರಿ ಶಾಲೆಗಳ ಕುರಿತದ್ದು. ಆದರೂ ಆ ಗೆರೆ ವಿಶ್ವವಿದ್ಯಾಲಯಗಳಿಗೂ ಉಪಯೋಗಕ್ಕೆ ಬರುವಂಥದ್ದು. ಆರು ಹೆಸರು, ಆರು ಚಿತ್ರ, ಆರು ಅಂಕಗಳಿದ್ದ ಪಟ್ಟಿ ಗೆರೆಯ ಯಾವ ಕಡೆ ಬೀಳುತ್ತದೆ ಎಂದು ಯಾರನ್ನೂ ಕೇಳಬೇಕಿಲ್ಲ.

ಪಟ್ಟಿಗೆ ಸೇರಿದವರನ್ನು ಹೇಗೆ ನಡೆಸಿಕೊಳ್ಳಬಾರದು ಎಂಬುದಕ್ಕೆ ಉದಾಹರಣೆ ಇಂಗ್ಲೆಂಡಿನಲ್ಲಿದೆ. ಅದು ಕ್ರೀಡಾ ತಂಡದ ಕಥೆಯಲ್ಲ, ಗೆಳೆಯರ ಗುಂಪೊಂದರದ್ದು. 2018ರಲ್ಲಿ ವಾರಿಕ್ ವಿಶ್ವವಿದ್ಯಾಲಯದ ಹುಡುಗರ ಫೇಸ್‌ಬುಕ್ ಚಾಟಿನಲ್ಲಿ ಸಹಪಾಠಿ ಹುಡುಗಿಯರ ಹೆಸರು ಹಿಡಿದು ಅತ್ಯಾಚಾರದ ಮಾತಾಡಿದ್ದು ಬೆಳಕಿಗೆ ಬಂತು. ವಿದ್ಯಾರ್ಥಿ ಪತ್ರಿಕೆ ‘ದಿ ಬೋರ್’ ಸುದ್ದಿ ಮಾಡಿತು, ಹನ್ನೊಂದು ಮಂದಿ ಅಮಾನತಾದರು. ದೂರು ಕೊಟ್ಟ ಹುಡುಗಿಯರನ್ನು ವಿಚಾರಿಸಲು ವಿಶ್ವವಿದ್ಯಾಲಯ ನೇಮಿಸಿದ ತನಿಖಾಧಿಕಾರಿ ಯಾರು? ವಿಶ್ವವಿದ್ಯಾಲಯದ ಮಾಧ್ಯಮ ವಿಭಾಗದ ನಿರ್ದೇಶಕರು. ಅದೇ ಸುದ್ದಿಯ ಬಗ್ಗೆ ಪತ್ರಕರ್ತರಿಗೆ ಉತ್ತರಿಸಬೇಕಾದ ವ್ಯಕ್ತಿಯೇ ಆ ಹುಡುಗಿಯರ ಎದುರು ಕೂತು ಪ್ರಶ್ನೆ ಕೇಳಿದರು. ಹುಡುಗರಲ್ಲಿ ಇಬ್ಬರಿಗೆ ವಿಧಿಸಿದ್ದ ಹತ್ತು ವರ್ಷದ ನಿಷೇಧ ಮೇಲ್ಮನವಿಯಲ್ಲಿ ಒಂದು ವರ್ಷಕ್ಕಿಳಿಯಿತು. ಗುರಿಯಾಗಿದ್ದ ಹುಡುಗಿಯರು ಇನ್ನೂ ಅಲ್ಲೇ ಓದುತ್ತಿರುವಾಗ ಆ ಇಬ್ಬರು ಮರಳಿ ಬರುವ ಹಾಗಾಯಿತು. 2019ರ ಆರಂಭದಲ್ಲಿ ಆಕ್ರೋಶ ಕಟ್ಟೆಯೊಡೆದ ಮೇಲೆ, ಅವರಿಬ್ಬರೂ ಮರಳುವುದಿಲ್ಲ ಎಂದು ಕುಲಪತಿ ಸ್ಟುವರ್ಟ್ ಕ್ರಾಫ್ಟ್ ಪ್ರಕಟಿಸಿದರು. ಆ ಜುಲೈನಲ್ಲಿ ವಕೀಲೆ ಶರನ್ ಪರ್ಸಾಡ್ ಅವರ ಸ್ವತಂತ್ರ ಪರಿಶೀಲನಾ ವರದಿ ಬಂತು.

ಹುಡುಗಿಯರ ಹೆಸರು ಹಿಡಿದು ಬರೆದ ಪಟ್ಟಿಗಳ ಈ ಪ್ರಕರಣಗಳಲ್ಲೆಲ್ಲ ವಿಶ್ವವಿದ್ಯಾಲಯಗಳು ಬರೆದವರ ಭವಿಷ್ಯದ ಬಗ್ಗೆ, ತಮ್ಮ ಹೆಸರಿನ ಬಗ್ಗೆ ಚಿಂತಿಸಲು ತೆಗೆದುಕೊಂಡ ಸಮಯವನ್ನು ಆ ಹೆಸರುಗಳ ಒಡತಿಯರಿಗೆ ಕೊಡಲಿಲ್ಲ. ಕೊಡಬಹುದಾದದ್ದು ಕಷ್ಟದ್ದೇನಲ್ಲ. ಪಟ್ಟಿ ಸಿಕ್ಕ ದಿನವೇ ಅದರಲ್ಲಿ ಹೆಸರಿದ್ದವರನ್ನು ಕರೆದು, ಪತ್ರಿಕೆಯಲ್ಲಿ ಓದುವ ಮೊದಲೇ ತಿಳಿಸಬೇಕು. ತನಿಖೆ ಸಂಸ್ಥೆಯ ಹೊರಗಿನವರ ಕೈಯಲ್ಲಿರಬೇಕು. ಮೇಲ್ಮನವಿ ಹೋದರೆ ಶಿಕ್ಷೆಗೊಳಗಾದವರಷ್ಟೇ ಅಲ್ಲ, ಪಟ್ಟಿಯಲ್ಲಿ ಹೆಸರಿದ್ದವರೂ ಅಲ್ಲಿ ಮಾತಾಡುವಂತಿರಬೇಕು. ಯಾರಿಗೆ ಯಾವ ಶಿಕ್ಷೆ, ಏಕೆ ಎಂಬುದನ್ನು ಬರಹದಲ್ಲಿ ಅವರ ಕೈಗೆ ಕೊಡಬೇಕು. ಮುಂದಿನ ಋತುವಿಗೆ ಮೈದಾನದ ವೇಳಾಪಟ್ಟಿ ಹಾಕುವಾಗ, ಆ ತಂಡದ ಪಕ್ಕದಲ್ಲಿ ಅಭ್ಯಾಸ ಮಾಡಲು ಒಪ್ಪಿಗೆಯಿದೆಯೇ ಎಂದು ಮಹಿಳಾ ತಂಡವನ್ನು ಮೊದಲು ಕೇಳಬೇಕು.